ಕತ್ತಿ ಹಿಡಿದ ಹುಡುಗಿಯ ಮಂಡಿ ನೋವು

"ಡಾಕ್ಟ್ರೇ, ಮಗಳು ಫೆನ್ಸಿಂಗ್ ಮಾಡ್ತಾಳೆ. ಎರಡು ತಿಂಗಳಿಂದ ಮಂಡಿ ನೋವು ಅಂತಾಳೆ" ಎಂದು ಆ ತಾಯಿ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅಡಿಕೆ ತೋಟದ ಬೇಲಿ. ನಮ್ಮ ಕುಂಸಿಯ ಸುತ್ತಮುತ್ತ ಫೆನ್ಸಿಂಗ್ ಎಂದರೆ ಕಲ್ಲುಕಂಬ, ಮುಳ್ಳುತಂತಿ, ಕಾಡುಹಂದಿಯ ಕಾಟ. ಹದಿಮೂರು ವರ್ಷದ ಮಗುವಿನಿಂದ ತಂತಿ ಎಳೆಸುತ್ತಿದ್ದಾರಲ್ಲ ಎಂದು ತಂದೆಯ ಕಡೆ ಸ್ವಲ್ಪ ಸಿಟ್ಟಿನಿಂದಲೇ ನೋಡಿದೆ. ಹುಡುಗಿ ಕಿಸಕ್ಕನೆ ನಕ್ಕು, "ಬೇಲಿ ಅಲ್ಲ ಸಾರ್, ಕತ್ತಿವರಸೆ" ಎಂದಳು. ನನ್ನ ಅಜ್ಞಾನಕ್ಕೆ ನಾನೂ ನಕ್ಕೆ.

ಹುಡುಗಿ ದೂರದ ನಗರವೊಂದರ ವಸತಿಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿ ಬೇಸಿಗೆ ರಜೆಗೆ ಊರಿಗೆ ಬಂದಿದ್ದಳು. ಎರಡು ವರ್ಷದಿಂದ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಭ್ಯಾಸ. ಮೇ ತಿಂಗಳಲ್ಲಿ ಆಯ್ಕೆ ಸ್ಪರ್ಧೆ ಇತ್ತು. ತಾಯಿಗೆ ಆಟವನ್ನೇ ಬಿಡಿಸಿಬಿಡುವ ಆಸೆ. ತಂದೆಯದು ಬೇರೆ ಚಿಂತೆ: "ಈ ವರ್ಷ ತಪ್ಪಿದರೆ ಹದಿನಾಲ್ಕರ ಒಳಗಿನ ವಿಭಾಗದ ವಯಸ್ಸು ಮೀರಿಹೋಗುತ್ತೆ. ಒಂದು ತಿಂಗಳ ಮಟ್ಟಿಗೆ ನೋವು ತಡೆಯೋ ಹಾಗೆ ಏನಾದರೂ ಕೊಡಿ. ಮಂಡಿಗೇ ಇಂಜೆಕ್ಷನ್ ಕೊಡ್ತಾರಂತಲ್ಲ?" ಹುಡುಗಿ ಇಬ್ಬರ ಮಾತಿಗೂ ತಲೆಯೆತ್ತಲಿಲ್ಲ.

ಆಟವಾಡುವ ಮಕ್ಕಳಿರುವ ಮನೆಗಳಲ್ಲಿ ಇಂತಹ ಮಾತುಕತೆ ಈಗ ಅಪರೂಪವಲ್ಲ. ಆಟ ಕತ್ತಿವರಸೆಯೇ ಆಗಬೇಕಿಲ್ಲ. ಕಬಡ್ಡಿ, ಖೋಖೋ, ಓಟ ಯಾವುದೂ ಆಗಬಹುದು. ಆದ್ದರಿಂದ ಈ ವಾರ ಈ ಹುಡುಗಿಯ ಮಂಡಿಯ ವಿಷಯವನ್ನೇ ಬರೆಯುತ್ತಿದ್ದೇನೆ.

ಮುಂದಿನ ಕಾಲು, ಹಿಂದಿನ ಕಾಲು

ನೋವು ಯಾವ ಕಾಲಿಗೆ ಎಂದು ಕೇಳಿದೆ. ಬಲಗಾಲು. ಕತ್ತಿ ಹಿಡಿಯುವುದು ಯಾವ ಕೈಯಲ್ಲಿ? ಬಲಗೈ. ಎದ್ದು ನಿಂತು ತೋರಿಸು ಎಂದೆ. ನನ್ನ ಚಿಕ್ಕ ಕೋಣೆಯಲ್ಲಿ ತೂಕದ ಯಂತ್ರವನ್ನು ಪಕ್ಕಕ್ಕೆ ಸರಿಸಿ ಹುಡುಗಿ ನಿಂತಳು. ಬಲಪಾದ ಮುಂದಕ್ಕೆ, ಎಡಪಾದ ಹಿಂದೆ ಅಡ್ಡಕ್ಕೆ, ಎರಡೂ ಮಂಡಿ ಬಾಗಿಸಿ ಕುಳಿತಂತೆ. ಎಡಗಾಲಿನಿಂದ ನೆಲವನ್ನು ಒದ್ದು, ಬಲಗಾಲನ್ನು ದೂರಕ್ಕೆ ಚಾಚಿ, ಹಿಮ್ಮಡಿ ಊರಿ ನಿಂತಳು. ಇದಕ್ಕೆ ಲಂಜ್ ಎಂದು ಹೆಸರು. ಎದುರಾಳಿಯ ಮೈಗೆ ಕತ್ತಿ ಮುಟ್ಟಿಸಲು ಮುನ್ನುಗ್ಗುವ ಹೆಜ್ಜೆ ಇದು. ದಿನಕ್ಕೆ ಎಷ್ಟು ಬಾರಿ ಎಂದು ಕೇಳಿದರೆ, "ಲೆಕ್ಕ ಇಟ್ಟಿಲ್ಲ ಸಾರ್, ಇನ್ನೂರಾದರೂ ಆಗುತ್ತೆ" ಎಂದಳು.

ಓಡುವವನಿಗೆ ಎರಡು ಕಾಲಿಗೂ ಸಮಪಾಲು. ಕತ್ತಿವರಸೆಯಲ್ಲಿ ಹಾಗಲ್ಲ. ಹಿಂದಿನ ಕಾಲು ದೂಡುತ್ತದೆ, ಮುಂದಿನ ಕಾಲು ಇಡೀ ಮೈಭಾರವನ್ನು ಒಮ್ಮೆಗೇ ತಡೆದು ನಿಲ್ಲಿಸುತ್ತದೆ. ತಡೆಯುವ ಕೆಲಸ ಮುಖ್ಯವಾಗಿ ತೊಡೆಯ ಮುಂಭಾಗದ ಸ್ನಾಯುವಿನದು. ಈ ಸ್ನಾಯು ಮಂಡಿಚಿಪ್ಪಿನ ಮೇಲೆ ಹಾದು, ಗಟ್ಟಿ ಹಗ್ಗದಂತಹ ರಜ್ಜುವಾಗಿ, ಮಂಡಿಯ ಕೆಳಗೆ ಮೊಣಕಾಲ ಮೂಳೆಯ ಒಂದು ಉಬ್ಬಿಗೆ ಅಂಟಿಕೊಂಡಿದೆ. ನಿಮ್ಮ ಮಂಡಿಚಿಪ್ಪಿನಿಂದ ಎರಡು ಬೆರಳು ಕೆಳಗೆ ಮುಟ್ಟಿ ನೋಡಿ, ಆ ಉಬ್ಬು ಸಿಗುತ್ತದೆ. ದೊಡ್ಡವರಲ್ಲಿ ಅದು ಗಟ್ಟಿ ಮೂಳೆ. ಬೆಳೆಯುವ ಮಕ್ಕಳಲ್ಲಿ ಅಲ್ಲಿ ಇನ್ನೂ ಮೃದ್ವಸ್ಥಿ ಇರುತ್ತದೆ. ಹಸಿ ಗೋಡೆಗೆ ಮೊಳೆ ಹೊಡೆದು ಹಗ್ಗ ಕಟ್ಟಿ ದಿನಕ್ಕೆ ಇನ್ನೂರು ಬಾರಿ ಜಗ್ಗಿದರೆ ಏನಾಗುತ್ತದೋ ಅದೇ ಅಲ್ಲೂ ಆಗುತ್ತದೆ. ಜಾಗ ಕೆರಳುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ಹುಡುಗಿಯ ಬಲಮಂಡಿಯ ಕೆಳಗೆ ಹೆಬ್ಬೆರಳಿನಿಂದ ಒತ್ತಿದೆ. "ಅಮ್ಮಾ" ಎಂದು ಕಾಲು ಹಿಂದಕ್ಕೆಳೆದುಕೊಂಡಳು.

ಇದಕ್ಕೆ ಆಸ್‌ಗುಡ್-ಶ್ಲಾಟರ್ ತೊಂದರೆ ಎನ್ನುತ್ತಾರೆ. ವಿವರಿಸಿದ ಇಬ್ಬರು ವೈದ್ಯರ ಹೆಸರು ಅದು. ಹೆಸರು ದೊಡ್ಡದು, ಕಾಯಿಲೆ ಅಷ್ಟು ದೊಡ್ಡದಲ್ಲ. ಹುಡುಗಿಯರಲ್ಲಿ ಸಾಮಾನ್ಯವಾಗಿ ಹತ್ತರಿಂದ ಹದಿಮೂರರ ಆಸುಪಾಸಿನಲ್ಲಿ, ಹುಡುಗರಲ್ಲಿ ಒಂದೆರಡು ವರ್ಷ ತಡವಾಗಿ, ಅಂದರೆ ಸರ್ರನೆ ಉದ್ದವಾಗುವ ಕಾಲದಲ್ಲಿ ಬರುತ್ತದೆ. ಮೂಳೆ ಬೇಗ ಉದ್ದವಾಗುತ್ತದೆ. ಸ್ನಾಯು ಅದರ ಜೊತೆ ಸರಿಗಟ್ಟಲು ಸಮಯ ಬೇಕು. ಆ ಅವಧಿಯಲ್ಲಿ ಹಗ್ಗ ಬಿಗಿಯಾಗಿರುತ್ತದೆ. ಬೆಳವಣಿಗೆ ಮುಗಿದಾಗ ಬಹುಪಾಲು ಮಕ್ಕಳಲ್ಲಿ ನೋವು ತಾನಾಗಿಯೇ ಹೋಗುತ್ತದೆ. ಕೆಲವರಿಗೆ ನೋವಿಲ್ಲದ ಗಂಟೊಂದು ಉಳಿಯಬಹುದು.

ಹಾಗಾದರೆ ಎಕ್ಸ್‌ರೇ ಬೇಡವೇ? ಎಲ್ಲರಿಗೂ ಬೇಡ. ಆದರೆ ನಾನೇ ಒಮ್ಮೆ ಎಡವಿದ್ದೇನೆ. ಹಲವು ವರ್ಷಗಳ ಹಿಂದೆ ಸ್ವಲ್ಪ ದಪ್ಪಗಿದ್ದ ಹನ್ನೆರಡರ ಹುಡುಗನೊಬ್ಬ ಮಂಡಿ ನೋವೆಂದು ಬಂದಿದ್ದ. ಬೆಳೆಯುವ ವಯಸ್ಸಿನ ನೋವೆಂದು ಮುಲಾಮು ಬರೆದು ಎರಡು ವಾರ ಕಳೆದೆ. ಕುಂಟು ಹೆಚ್ಚಾಯಿತು. ತೊಂದರೆ ಮಂಡಿಯಲ್ಲಿ ಇರಲೇ ಇಲ್ಲ, ಸೊಂಟದ ಕೀಲಿನಲ್ಲಿ ಮೂಳೆಯ ತಲೆ ಜಾರುತ್ತಿತ್ತು. ಶಿವಮೊಗ್ಗಕ್ಕೆ ಹೋದ ಮೇಲೆ ಅಲ್ಲಿಯ ಮೂಳೆ ವೈದ್ಯರು ಹಿಡಿದರು. ಸೊಂಟದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅಂದಿನಿಂದ ಮಂಡಿ ನೋವೆಂದು ಬಂದ ಮಗುವಿನ ಸೊಂಟವನ್ನು ತಿರುಗಿಸಿ ನೋಡದೆ ಕಳುಹಿಸುವುದಿಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಕುಂಟು, ಕೀಲಿನ ಒಳಗೆ ಊತ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಒಂದು ಕಂಡರೂ ಎಕ್ಸ್‌ರೇ, ರಕ್ತ ಪರೀಕ್ಷೆ, ತಜ್ಞರ ಅಭಿಪ್ರಾಯ ತಡಮಾಡಬಾರದು. ಈ ಹುಡುಗಿಯ ಸೊಂಟ ಸರಿಯಾಗಿತ್ತು. ಜ್ವರವಿಲ್ಲ, ರಾತ್ರಿ ನೋವಿಲ್ಲ. ತೂಕದ ವಿಷಯ ಮಾತ್ರ ನನಗೆ ಸರಿ ಕಾಣಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ತಂದೆ ಕೇಳಿದ ಇಂಜೆಕ್ಷನ್‌ಗೆ ಖಡಾಖಂಡಿತವಾಗಿ ಇಲ್ಲ ಎಂದೆ. ನೋವು ಅಡಗಿಸುವ ಸ್ಟೀರಾಯ್ಡ್ ಚುಚ್ಚುಮದ್ದನ್ನು ಈ ಜಾಗಕ್ಕೆ ಕೊಟ್ಟರೆ ರಜ್ಜು ದುರ್ಬಲವಾಗುವ ಅಪಾಯವಿದೆ. ನೋವೆಂಬ ಕಾವಲುಗಾರನನ್ನು ಮಲಗಿಸಿ ಮತ್ತೆ ಇನ್ನೂರು ಸಲ ಜಗ್ಗುವುದು ಯಾವ ನ್ಯಾಯ?

ಕತ್ತಿಯಲ್ಲ, ಕಾಲು

ತಾಯಿಯ ಭಯ ಮಾತ್ರ ಬೇರೆ. "ಕಣ್ಣಿಗೆ ಚುಚ್ಚಿದರೆ ಏನು ಗತಿ ಡಾಕ್ಟ್ರೇ?" ಕತ್ತಿ ಎಂದ ಕೂಡಲೇ ಯಾವ ತಾಯಿಗೂ ಬರುವ ಭಯ ಇದು. ಹಿಂದೆ ಇದಕ್ಕೆ ಕಾರಣವೂ ಇತ್ತು. 1982ರಲ್ಲಿ ರೋಮ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಕತ್ತಿ ಮುರಿದು, ಅದರ ತುಂಡು ಮುಖವಾಡವನ್ನು ಸೀಳಿ, ಸೋವಿಯತ್ ಒಕ್ಕೂಟದ ಒಲಿಂಪಿಕ್ ಚಾಂಪಿಯನ್ ವ್ಲಾದಿಮಿರ್ ಸ್ಮಿರ್ನೋವ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಸಾವಿನ ನಂತರ ಮುಖವಾಡದ ಜಾಲರಿ, ಉಡುಪಿನ ಬಟ್ಟೆ, ಕತ್ತಿಯ ಉಕ್ಕು ಎಲ್ಲದರ ನಿಯಮವೂ ಬಿಗಿಯಾಯಿತು. ಇಂದು ದೊಡ್ಡ ಸ್ಪರ್ಧೆಗಳ ಉಡುಪು ಗುಂಡು ನಿರೋಧಕ ಅಂಗಿಗೆ ಬಳಸುವಂತಹ ಗಟ್ಟಿ ನೂಲಿನದು. ಅಮೆರಿಕದಲ್ಲಿ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಐದು ವರ್ಷ ಲೆಕ್ಕ ಇಟ್ಟು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಟ ನಿಲ್ಲಿಸಬೇಕಾದಂತಹ ಗಾಯ ಸಾವಿರಕ್ಕೆ ಒಂದೂ ಇರಲಿಲ್ಲ. ಇದ್ದ ಗಾಯಗಳಲ್ಲಿ ಮಂಡಿಯದೇ ಮೊದಲ ಸ್ಥಾನ, ಆಮೇಲೆ ತೊಡೆ, ಹರಡು. ಚುಚ್ಚಿದ ಗಾಯ ತೀರ ಅಪರೂಪ. ಮುಖವಾಡದ ಜಾಲರಿ ತಗ್ಗಾಗಿದ್ದರೆ, ತುಕ್ಕು ಹಿಡಿದಿದ್ದರೆ ಅದನ್ನು ತೊಡಬಾರದು. ಅಷ್ಟು ಎಚ್ಚರ ಇದ್ದರೆ ತಾಯಿ ಕಣ್ಣಿನ ಚಿಂತೆ ಬಿಟ್ಟು ಕಾಲಿನ ಚಿಂತೆ ಮಾಡಬೇಕು ಎಂದೆ.

ಬಿದಿರು ಕೋಲಿನ ದಿನಗಳು

ಇನ್ನು ತಂದೆಯ ಅವಸರ. "ಈ ವರ್ಷ ತಪ್ಪಿದರೆ" ಎಂಬ ಮಾತಿಗೆ ಉತ್ತರ ಹುಡುಕುತ್ತ ನಾನು ಸಿ.ಎ. ಭವಾನಿ ದೇವಿಯ ಹೆಸರು ತೆಗೆದೆ. ಹುಡುಗಿ ಆಗ ಮೊದಲ ಬಾರಿಗೆ ತಲೆಯೆತ್ತಿ ನೋಡಿದಳು. ಹಾಸ್ಟೆಲಿನ ಗೋಡೆಗೆ ಅವರ ಚಿತ್ರ ಅಂಟಿಸಿಕೊಂಡಿದ್ದಾಳಂತೆ.

ಒಲಿಂಪಿಕ್ಸ್ ಕತ್ತಿವರಸೆಗೆ ಅರ್ಹತೆ ಪಡೆದ ಮೊದಲ ಭಾರತೀಯರು ಭವಾನಿ. 2021ರ ಜುಲೈ 26ರಂದು ಟೋಕಿಯೋದಲ್ಲಿ ಟ್ಯುನೀಷಿಯಾದ ನಾದಿಯಾ ಬೆನ್ ಅಜೀಜಿಯನ್ನು 15-3ರಿಂದ ಸೋಲಿಸಿ, ಮುಂದಿನ ಪಂದ್ಯದಲ್ಲಿ ಫ್ರಾನ್ಸಿನ ಮನೋನ್ ಬ್ರೂನೆಗೆ 7-15ರಿಂದ ಸೋತರು. ಕೊರೋನಾದ ಎರಡನೆಯ ಅಲೆ ಇಳಿಯುತ್ತಿದ್ದ ದಿನಗಳು. ಆ ಪಂದ್ಯವನ್ನು ನಾನೂ ಟಿ.ವಿ.ಯಲ್ಲಿ ನೋಡಿದ್ದೆ, ನಿಯಮ ಅರ್ಥವಾಗದೆ ದೀಪ ಹತ್ತಿದಾಗಲೆಲ್ಲ ಯಾರಿಗೆ ಅಂಕ ಎಂದು ತಿಣುಕಾಡಿದ್ದೆ. ಇದನ್ನು ಎಲ್ಲರೂ ಬಲ್ಲರು. ವೈದ್ಯನಾಗಿ ನನಗೆ ಮುಖ್ಯವೆನಿಸುವುದು ಅದಕ್ಕಿಂತ ಹಿಂದಿನ ಹದಿನೇಳು ವರ್ಷ.

ಭವಾನಿ ಹುಟ್ಟಿದ್ದು 1993ರಲ್ಲಿ, ಚೆನ್ನೈಯಲ್ಲಿ. ತಂದೆ ದೇವಸ್ಥಾನದ ಅರ್ಚಕರು, ತಾಯಿ ಗೃಹಿಣಿ, ಐದು ಮಕ್ಕಳಲ್ಲಿ ಈಕೆಯೇ ಕಿರಿಯಳು. 2004ರಲ್ಲಿ ಶಾಲೆಯಲ್ಲಿ ಆಟಗಳಿಗೆ ಹೆಸರು ಕೊಡುವಾಗ ಒಂದೊಂದು ಆಟಕ್ಕೆ ಆರೇ ಮಕ್ಕಳು ಎಂಬ ನಿಯಮ. ಇವರ ಸರದಿ ಬರುವಷ್ಟರಲ್ಲಿ ಉಳಿದಿದ್ದದ್ದು ಕತ್ತಿವರಸೆ. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸೇಬರ್ ಸ್ಪರ್ಧೆ ಮೊದಲ ಬಾರಿಗೆ ಸೇರಿತು. ಚೆನ್ನೈಯ ಶಾಲೆಯ ಹುಡುಗಿಗೆ ಅದು ಗೊತ್ತಿರಲಿಕ್ಕಿಲ್ಲ, ಆದರೆ ಮುಂದೆ ಆಕೆ ಆರಿಸಿಕೊಂಡದ್ದು ಅದೇ ಸೇಬರ್. ಕತ್ತಿವರಸೆಯಲ್ಲಿ ಮೂರು ಬಗೆಯ ಕತ್ತಿಗಳಿವೆ. ಫಾಯಿಲ್ ಮತ್ತು ಎಪಿಯಲ್ಲಿ ತುದಿಯಿಂದ ಚುಚ್ಚಿದರೆ ಮಾತ್ರ ಅಂಕ. ಸೇಬರ್‌ನಲ್ಲಿ ಅಲಗಿನಿಂದ ಹೊಡೆದರೂ ಅಂಕ, ಆದರೆ ಸೊಂಟದ ಮೇಲೆ ಮಾತ್ರ. ಮೂರರಲ್ಲಿ ಅತ್ಯಂತ ವೇಗದ್ದು ಇದು. ಕಣ್ಣು ಮಿಟುಕಿಸುವಷ್ಟರಲ್ಲಿ ಇಬ್ಬರೂ 14 ಮೀಟರ್ ಉದ್ದದ ಪಟ್ಟಿಯ ನಡುವಿಗೆ ನುಗ್ಗಿ ಮುಗಿಸಿಬಿಡುತ್ತಾರೆ. ಮಂಡಿಗೆ ಹೆಚ್ಚು ಕೆಲಸ ಕೊಡುವುದೂ ಇದೇ. ನಮ್ಮ ಹುಡುಗಿಯದೂ ಸೇಬರ್.

ಆರಂಭದಲ್ಲಿ ಭವಾನಿ ಮತ್ತು ಜೊತೆಯವರು ಅಭ್ಯಾಸ ಮಾಡಿದ್ದು ಬಿದಿರು ಕೋಲಿನಿಂದ. ನಿಜವಾದ ಕತ್ತಿ ದುಬಾರಿ, ಮುರಿದರೆ ಮತ್ತೆ ಕೊಳ್ಳುವುದು ಕಷ್ಟ, ಆದ್ದರಿಂದ ಅದನ್ನು ಸ್ಪರ್ಧೆಗೆಂದು ಜೋಪಾನವಾಗಿ ಇಡುತ್ತಿದ್ದರು. ಇದು ಸಿರಿವಂತರ ಆಟ ಎಂದು ಯಾರೋ ಹೆದರಿಸಿದ್ದರಿಂದ, ತಂದೆಯ ವರಮಾನವನ್ನು ಹೆಚ್ಚಿಸಿ ಸುಳ್ಳು ಹೇಳಿ ಸೇರಿಕೊಂಡದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಮಗಳ ಖರ್ಚಿಗೆ ತಾಯಿ ಒಡವೆ ಅಡವಿಟ್ಟ ಸಂಗತಿಯೂ ಪತ್ರಿಕೆಗಳಲ್ಲಿ ಬಂದಿದೆ.

ಹದಿನಾಲ್ಕನೆಯ ವಯಸ್ಸಿಗೆ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ, ಟರ್ಕಿಯಲ್ಲಿ. ಮೂರು ನಿಮಿಷ ತಡವಾಗಿ ಹೋದದ್ದಕ್ಕೆ ಕಪ್ಪು ಕಾರ್ಡ್ ತೋರಿಸಿ ಹೊರಗೆ ಕಳುಹಿಸಿದರು. ಅಷ್ಟು ದೂರ ಹೋಗಿ ಹಾಗೆಯೇ ವಾಪಸು! ಈ ಸಂಗತಿ ಹೇಳಿದಾಗ ತಂದೆ "ಅಯ್ಯೋ ಪಾಪ" ಎಂದರು. "ಹದಿನಾಲ್ಕಕ್ಕೆ ಅಲ್ಲಿ ಏನೂ ಸಿಗಲಿಲ್ಲ ನೋಡಿ" ಎಂದೆ.

ಹತ್ತನೆಯ ತರಗತಿ ಮುಗಿದ ಮೇಲೆ ಅವರು ಸೇರಿದ್ದು ಕೇರಳದ ತಲಶ್ಶೇರಿಯ ಭಾರತ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೆ. ನಮ್ಮ ಕೊಡಗಿನ ವಿರಾಜಪೇಟೆಯಿಂದ ಮಾಕುಟ್ಟದ ಘಟ್ಟ ಇಳಿದರೆ ತಲಶ್ಶೇರಿ ದೂರವಲ್ಲ. ಅಲ್ಲಿ ಸಾಗರ್ ಲಾಗು ಅವರ ಬಳಿ ತರಬೇತಿ. 2009ರಲ್ಲಿ ಮಲೇಷ್ಯಾದ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2014ರಲ್ಲಿ 23ರ ಒಳಗಿನವರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. 2015ರಲ್ಲಿ ಬೆಂಗಳೂರಿನ ಗೋಸ್ಪೋರ್ಟ್ಸ್ ಪ್ರತಿಷ್ಠಾನ ನಮ್ಮ ರಾಹುಲ್ ದ್ರಾವಿಡ್ ಹೆಸರಿನಲ್ಲಿ ನಡೆಸುವ ಕಾರ್ಯಕ್ರಮಕ್ಕೆ ಆಯ್ಕೆಯಾದ ಹದಿನೈದು ಮಂದಿಯಲ್ಲಿ ಅವರೂ ಒಬ್ಬರು. ಆಮೇಲೆ ಇಟಲಿಯಲ್ಲಿ ನಿಕೋಲಾ ಜನೊಟ್ಟಿ ಅವರ ಬಳಿ ಅಭ್ಯಾಸ. 2016ರ ರಿಯೋ ಒಲಿಂಪಿಕ್ಸ್‌ಗೆ ಅರ್ಹತೆ ಸಿಗಲಿಲ್ಲ. ಟೋಕಿಯೋ ತಲುಪಿದಾಗ ವಯಸ್ಸು ಇಪ್ಪತ್ತೇಳು. ಅದಾಗಿ ಎರಡು ವರ್ಷಕ್ಕೆ, 2023ರಲ್ಲಿ, ಚೀನಾದ ವುಕ್ಸಿಯಲ್ಲಿ ಆಗಿನ ವಿಶ್ವ ಚಾಂಪಿಯನ್ ಜಪಾನಿನ ಮಿಸಾಕಿ ಎಮುರಾ ಅವರನ್ನು ಸೋಲಿಸಿ ಏಷ್ಯನ್ ಚಾಂಪಿಯನ್‌ಷಿಪ್‌ನ ಕಂಚು ಗೆದ್ದರು. ಆಗ ಮೂವತ್ತಕ್ಕೆ ಕೆಲವೇ ತಿಂಗಳು ಕಡಿಮೆ.

ಹನ್ನೊಂದರಿಂದ ಇಪ್ಪತ್ತೇಳು, ಇಪ್ಪತ್ತೇಳರಿಂದ ಮೂವತ್ತು. ಈ ಲೆಕ್ಕವನ್ನು ಔಷಧ ಚೀಟಿಯ ಹಿಂಭಾಗದಲ್ಲಿ ಬರೆದು ತಂದೆಯ ಕೈಗೆ ಕೊಟ್ಟೆ. ಹದಿಮೂರರಲ್ಲಿ ಒಂದು ಆಯ್ಕೆ ಸ್ಪರ್ಧೆ ತಪ್ಪಿದರೆ ಏನು ಮುಳುಗಿತು? ಮಂಡಿ ಕೆಟ್ಟರೆ ಮಾತ್ರ ಮುಂದಿನ ಹದಿನಾಲ್ಕು ವರ್ಷ ಯಾರು ಆಡುವುದು?

ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಕೊಟ್ಟ ಸಲಹೆಯಂತೆ, ಬಹುಪಾಲು ಆಟಗಳಲ್ಲಿ ಮಕ್ಕಳು ಹದಿನೈದು ಹದಿನಾರರವರೆಗೆ ಒಂದೇ ಆಟಕ್ಕೆ ಅಂಟಿಕೊಳ್ಳದಿದ್ದರೆ ಒಳ್ಳೆಯದು. ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಬಿಡಿಬಿಡಿಯಾಗಿ ಒಟ್ಟು ಮೂರು ತಿಂಗಳು ಆ ಆಟಕ್ಕೆ ರಜೆ ಇರಬೇಕು. ನೆನಪಿಡಲು ಸುಲಭವಾದ ಇನ್ನೊಂದು ಲೆಕ್ಕವಿದೆ: ವಾರದ ಅಭ್ಯಾಸದ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. ಈ ಹುಡುಗಿಯದು ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ. ಇಪ್ಪತ್ನಾಲ್ಕು. ವಯಸ್ಸು ಹದಿಮೂರು. ತಂದೆ ಅಡಿಕೆ ವ್ಯಾಪಾರದಲ್ಲಿ ಪಳಗಿದವರು, ಲೆಕ್ಕ ಹೇಳಿಕೊಡಬೇಕಾಗಲಿಲ್ಲ.

ಹೇಳದೆ ಇಟ್ಟುಕೊಂಡದ್ದು

ಈಗ ತೂಕದ ಮಾತು. ಎತ್ತರ ಒಂದು ವರ್ಷದಲ್ಲಿ ಚೆನ್ನಾಗಿಯೇ ಹೆಚ್ಚಿತ್ತು, ತೂಕ ಮಾತ್ರ ಎರಡು ಕಿಲೋ ಇಳಿದಿತ್ತು. ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿತ್ತು. ತಂದೆಯನ್ನು ಹೊರಗೆ ಕೂರಿಸಿ ತಾಯಿ ಮಗಳ ಜೊತೆ ಮಾತಾಡಿದೆ. ಹನ್ನೆರಡಕ್ಕೆ ಮೈನೆರೆದವಳಿಗೆ ನಾಲ್ಕು ತಿಂಗಳಿಂದ ಮುಟ್ಟು ಬಂದಿರಲಿಲ್ಲ. ತಾಯಿಗೂ ಗೊತ್ತಿರಲಿಲ್ಲ. "ಆಟ ಬಿಡಿಸ್ತೀರ ಅಂತ ಹೇಳಲಿಲ್ಲ" ಎಂದಳು. ರಾತ್ರಿಯ ಊಟ ಬಿಟ್ಟಿದ್ದಳು. ಮೈ ಹಗುರವಾದರೆ ಹೆಜ್ಜೆ ಚುರುಕಾಗುತ್ತದೆ ಎಂದು ಹಾಸ್ಟೆಲಿನ ಹಿರಿಯ ಹುಡುಗಿಯೊಬ್ಬಳು ಹೇಳಿದ್ದಳಂತೆ.

ನಾನು ಈ ಆಟದ ನಿಯಮ ಪುಸ್ತಕ ಓದಿದವನಲ್ಲ, ಆದರೆ ಒಂದು ಸಂಗತಿ ಗೊತ್ತಿತ್ತು. ಕುಸ್ತಿ, ಬಾಕ್ಸಿಂಗ್‌ನಂತೆ ಒಲಿಂಪಿಕ್ ಕತ್ತಿವರಸೆಯಲ್ಲಿ ತೂಕದ ವಿಭಾಗಗಳೇ ಇಲ್ಲ. ದಪ್ಪ, ಸಣ್ಣ, ಎತ್ತರ, ಕುಳ್ಳು ಎಲ್ಲರೂ ಒಂದೇ ಪಟ್ಟಿಯ ಮೇಲೆ. ಹಸಿವಿನಿಂದ ಇರುವುದಕ್ಕೆ ಅಲ್ಲಿ ಯಾವ ಕಾರಣವೂ ಇಲ್ಲ. ಇದನ್ನು ಹೇಳಿದಾಗ ಅವಳಿಗೂ ಆಶ್ಚರ್ಯವಾಯಿತು. ಎರಡು ವರ್ಷ ಆಡಿದ್ದಾಳೆ, ಈ ದೃಷ್ಟಿಯಿಂದ ಯೋಚಿಸಿರಲಿಲ್ಲ.

ಮೈನೆರೆದ ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಹಜ. ಆದರೆ ಮೂರು ತಿಂಗಳು ದಾಟಿದರೆ ವೈದ್ಯರಿಗೆ ತೋರಿಸಬೇಕು. ಆಟವಾಡುವ ಹುಡುಗಿಯಲ್ಲಿ ಇದು ಬಹಳ ಸಲ ದೇಹದ ಉಳಿತಾಯ ಯೋಜನೆ. ಬರುವ ಅನ್ನಕ್ಕಿಂತ ಆಗುವ ಖರ್ಚು ಹೆಚ್ಚಾದಾಗ ದೇಹ ತುರ್ತಿಲ್ಲದ ಕೆಲಸಗಳನ್ನು ನಿಲ್ಲಿಸುತ್ತದೆ. ಮೊದಲು ನಿಲ್ಲುವುದು ಮುಟ್ಟು, ಅದರ ಜೊತೆಗೆ ಮೂಳೆ ಕಟ್ಟುವ ಕೆಲಸವೂ ಕುಂಠಿತವಾಗುತ್ತದೆ. ಈ ವಯಸ್ಸಿನ ಮೂಳೆ ಎಂದರೆ ಸಾಮಾನ್ಯ ವಿಷಯವಲ್ಲ. ಬೆಳವಣಿಗೆಯ ಬಿರುಸಿನ ಎರಡೇ ವರ್ಷಗಳಲ್ಲಿ ಜೀವಮಾನದ ಮೂಳೆಯ ಖನಿಜದಲ್ಲಿ ಸುಮಾರು ಕಾಲುಭಾಗ ಜಮೆಯಾಗುತ್ತದೆ. ಆಗ ತುಂಬದ ಕಣಜವನ್ನು ಮುಂದೆ ತುಂಬುವುದು ಕಷ್ಟ. "ಮುಟ್ಟು ನಿಂತರೆ ಆಟಗಾರ್ತಿಗೆ ಅನುಕೂಲವೇ" ಎನ್ನುವ ತರಬೇತುದಾರರು ಇನ್ನೂ ಅಲ್ಲಲ್ಲಿ ಇದ್ದಾರೆ. ಅಂಥವರ ಮಾತಿಗೆ ಕಿವಿಗೊಡಬೇಡಿ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಬಂತು. ಈ ವಯಸ್ಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಇದು ಅವಳೊಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ ಇದೆ. ನೂರಕ್ಕೆ ಅರವತ್ತು! ಸ್ನಾಯುವಿಗೆ ಆಮ್ಲಜನಕ ಹೊತ್ತು ಹೋಗುವ ಗಾಡಿಯೇ ಕಡಿಮೆ ಇದ್ದರೆ ಕೊನೆಯ ಸುತ್ತಿನಲ್ಲಿ ಕಾಲು ಭಾರವಾಗುವುದು ಸಹಜ. ಆಗ ಹೆಜ್ಜೆ ತಪ್ಪುತ್ತದೆ, ಮಂಡಿ ಒಳಕ್ಕೆ ತಿರುಗುತ್ತದೆ. ತರಬೇತುದಾರರು "ಇನ್ನೂ ಅಭ್ಯಾಸ ಸಾಲದು" ಎನ್ನುತ್ತಾರೆ. ಬೇಕಾಗಿದ್ದದ್ದು ಅಭ್ಯಾಸವಲ್ಲ, ಅನ್ನ ಮತ್ತು ಕಬ್ಬಿಣಾಂಶ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ನುಂಗುತ್ತೀಯಾ ಎಂದು ಕೇಳಿದೆ. ಹೊಟ್ಟೆ ತೊಳಸುತ್ತದೆ ಎಂದು ಕಿಟಕಿಯಿಂದಾಚೆ ಎಸೆಯುತ್ತಿದ್ದಳು. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಮಾತ್ರೆ ತೆಗೆದುಕೊಳ್ಳುವಾಗ ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಚಹಾ, ಕಾಫಿ, ಹಾಲಿನ ಜೊತೆ ಮಾತ್ರ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದು ಲೋಟ ನಿಂಬೆ ಪಾನಕ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಉತ್ತಮ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳುವಿನ ಕಾಟವೂ ಇರುವುದರಿಂದ ಜಂತುಹುಳುವಿನ ಮಾತ್ರೆಯನ್ನೂ ಕೊಟ್ಟೆ.

ಊಟದ ವಿಷಯದಲ್ಲಿ ತಾಯಿ ಕೇಳಿದ್ದು ಪೌಷ್ಟಿಕ ಪುಡಿಯ ಡಬ್ಬಿಯ ಬಗ್ಗೆ. ಆ ದುಡ್ಡಿಗೆ ಮನೆಗೆ ಮೊಟ್ಟೆ ತನ್ನಿ ಎಂದೆ. ಮೊಟ್ಟೆ ತಿನ್ನದ ಮನೆಯಾದರೆ ಹೆಸರುಕಾಳು, ಹುರುಳಿ, ಶೇಂಗಾ, ಮೊಸರು. ನಮ್ಮ ಮಲೆನಾಡಿನಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಒಂದು ಹೊತ್ತಾದರೂ ರಾಗಿ ಸೇರಿಸಿದರೆ ಸುಣ್ಣದ ಅಂಶ ಹೇರಳವಾಗಿ ಸಿಗುತ್ತದೆ: ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು. ಹಿತ್ತಿಲಿನ ನುಗ್ಗೆಸೊಪ್ಪು, ಬಸಳೆ ಕಾಸು ಕೇಳುವುದಿಲ್ಲ. ಅಭ್ಯಾಸ ಮುಗಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಬಾಳೆಹಣ್ಣು, ಶೇಂಗಾ ಉಂಡೆ ಏನಾದರೂ ಹೊಟ್ಟೆಗೆ ಬೀಳಲಿ. ಕತ್ತಿವರಸೆಯ ಉಡುಪು ದಪ್ಪ, ಮೇಲೆ ಮುಖವಾಡ ಬೇರೆ. ಬೇಸಿಗೆಯಲ್ಲಿ ಬೆವರು ಧಾರಾಕಾರ. ಉಪ್ಪು ಹಾಕಿದ ನೀರು ಮಜ್ಜಿಗೆಗಿಂತ ಒಳ್ಳೆಯ ಪಾನೀಯ ನಾನು ಕಂಡಿಲ್ಲ. ಡಬ್ಬಿ ಪುಡಿಗಳಲ್ಲಿ ಇನ್ನೊಂದು ಅಪಾಯವಿದೆ. ಕೆಲವುಗಳಲ್ಲಿ ನಿಷೇಧಿತ ವಸ್ತು ಬೆರೆತಿರಬಹುದು. ಶೀತಕ್ಕೆಂದು ಅಂಗಡಿಯಿಂದ ತರುವ ಔಷಧಗಳಲ್ಲೂ ಸ್ಪರ್ಧೆಯ ದಿನ ಇರಬಾರದಂತಹವು ಇವೆ. ಮಗು ಸ್ಪರ್ಧೆಗೆ ಹೋಗುವುದಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಮಂಡಿಗೆ ಆರು ವಾರದ ವ್ಯವಸ್ಥೆ ಬರೆದುಕೊಟ್ಟೆ. ಲಂಜ್, ಜಿಗಿತ, ಕುಕ್ಕರಗಾಲಿನ ವ್ಯಾಯಾಮ ಪೂರ್ತಿ ಬಂದ್. ಹಾಗೆಂದು ಹಾಸಿಗೆ ಹಿಡಿಯಬೇಕಿಲ್ಲ. ನಡಿಗೆ, ನೋವಾಗದಷ್ಟು ಸೈಕಲ್, ಗೊತ್ತಿದ್ದರೆ ಈಜು. ನೋವಿರುವ ಜಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ದಿನಕ್ಕೆರಡು ಸಲ, ಹತ್ತು ಹದಿನೈದು ನಿಮಿಷ. ತೊಡೆಯ ಮುಂದಿನ ಮತ್ತು ಹಿಂದಿನ ಸ್ನಾಯುಗಳನ್ನು ಎಳೆದು ಸಡಿಲಿಸುವ ವ್ಯಾಯಾಮ, ಎರಡೂ ಕಾಲಿಗೆ. ಟೇಪು ಹಿಡಿದು ಅಳೆದಾಗ ಬಲತೊಡೆ ಎಡತೊಡೆಗಿಂತ ಒಂದೂವರೆ ಸೆಂಟಿಮೀಟರ್ ದಪ್ಪವಿತ್ತು, ಬಲಮುಂಗೈಯೂ ಹಾಗೆಯೇ. ಒಂದೇ ಬದಿಯ ಆಟದ ಗುರುತು ಅದು. ಆದ್ದರಿಂದ ಉಳಿದ ವ್ಯಾಯಾಮಗಳಲ್ಲಿ ಎಡಬದಿಗೆ ಮೊದಲ ಪಾಳಿ. ರಾತ್ರಿ ಕನಿಷ್ಠ ಎಂಟು ಗಂಟೆ ನಿದ್ದೆ. ಹಾಸ್ಟೆಲಿನಲ್ಲಿ ಆರೇ ಗಂಟೆ ಮಲಗುತ್ತಿದ್ದಳು.

"ಕತ್ತಿ ಮುಟ್ಟಲೇಬಾರದಾ?" ಎಂದು ಕೇಳಿದಾಗ ಅವಳ ಧ್ವನಿ ನಡುಗಿತು. ಕುರ್ಚಿಯ ಮೇಲೆ ಕುಳಿತು ಕೈಯ ಅಭ್ಯಾಸ ಮಾಡಬಹುದು ಎಂದೆ. ಸೇಬರ್‌ನ ತೂಕ ಅರ್ಧ ಕಿಲೋ ಕೂಡ ಇರುವುದಿಲ್ಲ, ಮಂಡಿಗೆ ಅದರಿಂದೇನೂ ಆಗದು. ಕತ್ತಿ ಹಾಸ್ಟೆಲಿನಲ್ಲೇ ಉಳಿದಿತ್ತು. ಮನೆಯಲ್ಲಿ ಬಿದಿರು ಇದೆಯಲ್ಲ ಎಂದು ತಾಯಿಯೇ ಹೇಳಿದರು. ಆಟ ಬಿಡಿಸುವ ಮಾತನ್ನು ಅವರು ಅಂದು ಮತ್ತೆ ಎತ್ತಲಿಲ್ಲ.

ತಂದೆ ಮಾತ್ರ ಹೋಗುವಾಗಲೂ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಎರಡು ದಿನ ಬಿಟ್ಟು ತಾವೊಬ್ಬರೇ ಬಂದು, "ಶಿವಮೊಗ್ಗದಲ್ಲಿ ಇನ್ನೊಬ್ಬರಿಗೆ ತೋರಿಸಲೇ?" ಎಂದು ಸಂಕೋಚದಿಂದ ಕೇಳಿದರು. ಧಾರಾಳವಾಗಿ ತೋರಿಸಿ ಎಂದು ಚೀಟಿ ಬರೆದುಕೊಟ್ಟೆ. ನಾನು ಎಂ.ಬಿ.ಬಿ.ಎಸ್. ವೈದ್ಯ, ಮೂಳೆ ತಜ್ಞನಲ್ಲ. ಎರಡನೆಯ ಅಭಿಪ್ರಾಯ ಕೇಳಿದರೆ ಬೇಸರಿಸುವ ವೈದ್ಯರನ್ನು ಕಂಡರೆ ನನಗೇ ಅನುಮಾನ. ಅಲ್ಲಿ ಎಕ್ಸ್‌ರೇ ತೆಗೆದು ಅದೇ ಮಾತು ಹೇಳಿದರಂತೆ.

ಮೇ ತಿಂಗಳ ಆಯ್ಕೆ ಸ್ಪರ್ಧೆಗೆ ಅವಳು ಹೋಗಲಿಲ್ಲ. ಆ ದಿನ ಊಟ ಮಾಡದೆ ಕೋಣೆ ಸೇರಿದ್ದಳೆಂದು ತಾಯಿ ಫೋನು ಮಾಡಿದ್ದರು. ಒಂದು ಹೊತ್ತು ಬಿಟ್ಟರೆ ಪರವಾಗಿಲ್ಲ, ಬೆಳಿಗ್ಗೆ ಎಬ್ಬಿಸಿ ರೊಟ್ಟಿ ಹಾಕಿ ಎಂದೆ.

ಶಾಲೆ ತೆರೆಯುವ ಮುನ್ನ, ಮೇ ಕೊನೆಯ ವಾರ, ಮೂವರೂ ಬಂದರು. ಹಿಮೋಗ್ಲೋಬಿನ್ 11.4. ತೂಕ ಎರಡೂವರೆ ಕಿಲೋ ಏರಿತ್ತು. ಮುಟ್ಟು ಆಗಿತ್ತು. ಮಂಡಿಯ ಕೆಳಗಿನ ಗಂಟು ಹಾಗೆಯೇ ಇತ್ತು, ಜೋರಾಗಿ ಒತ್ತಿದರೆ ಮಾತ್ರ ಸ್ವಲ್ಪ ನೋವು. ವಸತಿಶಾಲೆಯ ತರಬೇತುದಾರರಿಗೆ ಒಂದು ಪತ್ರ ಬರೆದುಕೊಟ್ಟೆ: ಮೊದಲ ಎರಡು ವಾರ ಹೆಜ್ಜೆ ಮಾತ್ರ, ಆಮೇಲೆ ದಿನಕ್ಕೆ ಇಪ್ಪತ್ತು ಲಂಜ್, ನೋವಿಲ್ಲದಿದ್ದರೆ ವಾರವಾರವೂ ಸ್ವಲ್ಪ ಸ್ವಲ್ಪ ಏರಿಕೆ, ಭಾನುವಾರದ ಜೊತೆ ಇನ್ನೊಂದು ದಿನ ಪೂರ್ತಿ ರಜೆ, ವಾರಕ್ಕೆ ಒಟ್ಟು ಹದಿಮೂರು ಗಂಟೆ ಮೀರದಂತೆ. ಕಬ್ಬಿಣದ ಮಾತ್ರೆ ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಮೂರು ತಿಂಗಳು ನಡೆಯಬೇಕು. ಅದನ್ನು ವಾರ್ಡನ್ ಎದುರಿಗೇ ನುಂಗಬೇಕು, ಕಿಟಕಿಯ ಹತ್ತಿರ ಅಲ್ಲ ಎಂದೂ ಸೇರಿಸಿದೆ. ಅದನ್ನು ಓದಿ ಹುಡುಗಿ ನಾಲಿಗೆ ಕಚ್ಚಿಕೊಂಡಳು. ತಂದೆ ಪತ್ರವನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಳ್ಳುತ್ತ, ಹದಿನೇಳರ ಒಳಗಿನ ವಿಭಾಗಕ್ಕೆ ಎಷ್ಟನೆಯ ಇಸವಿಯವರೆಗೆ ಅವಕಾಶ ಇದೆ ಎಂದು ಮಗಳನ್ನೇ ಕೇಳುತ್ತಿದ್ದರು.